ಘಟ್ಟ ಇಳಿದು ಬರುವವರಿಗೆ: ಮಂಗಳೂರಿನಲ್ಲಿ ಪದವಿಯ ಮೊದಲ ವರ್ಷ, ಹಂತ ಹಂತವಾಗಿ

ಪಿಯುಸಿ ಮುಗಿಸಿ ಪದವಿ ಓದಲು ಮಂಗಳೂರಿಗೆ ಬರುವವರಲ್ಲಿ ಘಟ್ಟದ ಮೇಲಿನ ಮಕ್ಕಳು ತುಂಬಾ ಜನ. ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಿತ್ರದುರ್ಗ, ಹಾಸನ, ಹೀಗೆ ಎಲ್ಲೆಲ್ಲಿಂದಲೋ ಬರುತ್ತಾರೆ. ಇಲ್ಲಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಮಾಡುವ ನಾನು ವರ್ಷವೂ ಅವರನ್ನು ಹತ್ತಿರದಿಂದ ನೋಡುತ್ತೇನೆ. ಮೊದಲ ವರ್ಷ ಎಡವಿದವರಲ್ಲಿ ದಡ್ಡರು ಅಂತ ನನಗೆ ಯಾರೂ ಕಂಡಿಲ್ಲ. ಮಳೆ, ಊಟ, ತುಳು ಮಾತು, ಇಂಗ್ಲಿಷ್ ಪಾಠ, ಮನೆಯ ನೆನಪು ಎಲ್ಲವೂ ಒಂದೇ ತಿಂಗಳಲ್ಲಿ ಮೈಮೇಲೆ ಬೀಳುತ್ತವೆ. ಆಗ ಯಾರನ್ನೂ ಏನೂ ಕೇಳದೆ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿ. ಅದಕ್ಕೇ ಈ ಬರಹದಲ್ಲಿ ಏನು ಮಾಡಬೇಕು ಅನ್ನುವುದರ ಜೊತೆಗೆ ಯಾರನ್ನು ಕೇಳಬೇಕು ಅನ್ನುವುದನ್ನೂ ಹೇಳುತ್ತೇನೆ. ಉಡುಪಿ, ಮಣಿಪಾಲದ ಕಡೆ ಸೇರಿದವರಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಹಂತ 1: ಊರು ಬಿಡುವ ಮೊದಲು ಕಾಗದಪತ್ರ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಂದು ಡಜನ್ ಫೋಟೋ. ಇಷ್ಟೂ ಒಂದು ಫೈಲಿನಲ್ಲಿರಲಿ. ಪ್ರತಿಯೊಂದರ ಮೂರ್ನಾಲ್ಕು ಝೆರಾಕ್ಸ್ ಇರಲಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಯೂ ಇಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದವರು ಆ ಭಾಗದವರ ಮೀಸಲಾತಿಯ 371(ಜೆ) ಪ್ರಮಾಣಪತ್ರವನ್ನು ಮರೆಯಬೇಡಿ.

ಮೂರು ವಿಷಯ ಊರಲ್ಲೇ ಸರಿಮಾಡಿಕೊಳ್ಳಿ, ಇಲ್ಲಿಗೆ ಬಂದ ಮೇಲೆ ಅವಕ್ಕಾಗಿ ಓಡಾಡುವುದು ಕಷ್ಟ. ಒಂದು, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇನಿಷಿಯಲ್ ಹಿಂದೆ ಮುಂದೆ ಆದರೂ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಮೂರು, ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಅಂತ ಕೇಳಿ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದರೆ ಸಾಲದು. ಸರ್ಕಾರದ ಹಣ ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಈ ಖಾತೆಗೇ ಹೋಗಲಿ ಅಂತ ಬ್ಯಾಂಕ್ ಮಾಡುವ ಜೋಡಣೆ) ಆಗಿರಬೇಕು. ಬ್ಯಾಂಕಿನವರಿಗೆ ಇದೇ ಮಾತು ಹೇಳಿ, ಅರ್ಥವಾಗುತ್ತದೆ.

ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿಗೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೂ ಆನ್‌ಲೈನ್ ಅರ್ಜಿ ಇರುತ್ತದೆ. ಅಡ್ಮಿಷನ್ ಆದ ಕೂಡಲೇ ಹಾಕಿ. ಸೀಟು ಸಿಗದಿದ್ದರೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಯ ಸಹಾಯಧನಕ್ಕೆ ದಾರಿ ಇದೆ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲು ಕಾಲೇಜಿನಲ್ಲಿ ಇ-ದೃಢೀಕರಣ (ದಾಖಲೆಗಳು ಸರಿ ಅಂತ ಆನ್‌ಲೈನಿನಲ್ಲಿ ಖಚಿತಪಡಿಸುವುದು) ಮಾಡಿಕೊಡುವ ಅಧಿಕಾರಿ ಯಾರು ಅಂತ ಆಫೀಸಿನಲ್ಲಿ ಕೇಳಿ. ಅಲ್ಲಿ ಕೂರುವ ಗುಮಾಸ್ತರ ಪರಿಚಯ ಮೊದಲ ವಾರವೇ ಮಾಡಿಕೊಳ್ಳಿ. ವರ್ಷವಿಡೀ ಅವರು ಬೇಕಾಗುತ್ತಾರೆ.

ಹಂತ 2: ಉಳಿಯುವ ಜಾಗ

ಹಾಸ್ಟೆಲ್ ಸಿಕ್ಕರೆ ಮೊದಲ ವರ್ಷ ಹಾಸ್ಟೆಲೇ ಒಳ್ಳೆಯದು. ಜೊತೆಗಾರರು ಸಿಗುತ್ತಾರೆ, ಊಟದ ಚಿಂತೆ ಇರುವುದಿಲ್ಲ. ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಹುಡುಕುವುದಾದರೆ ನಗರದ ಕಾಲೇಜಿನವರಿಗೆ ಬಲ್ಮಠ, ಬೆಂದೂರ್‌ವೆಲ್, ಕಂಕನಾಡಿ, ಕೊಡಿಯಾಲಬೈಲ್, ಬಿಜೈ ಹತ್ತಿರ. ಕೊಣಾಜೆ ಕಡೆಯ ಕಾಲೇಜಿನವರಿಗೆ ದೇರಳಕಟ್ಟೆ, ತೊಕ್ಕೊಟ್ಟು.

ಕೋಣೆ ನೋಡುವಾಗ ಎಲ್ಲರೂ ಮಂಚ, ಫ್ಯಾನು, ವೈಫೈ ನೋಡುತ್ತಾರೆ. ಕರಾವಳಿಯಲ್ಲಿ ಅದಕ್ಕಿಂತ ಮೊದಲು ನೋಡಬೇಕಾದದ್ದು ಬಟ್ಟೆ ಒಣಗಿಸುವ ಜಾಗ. ಮೇಲೆ ಶೀಟ್ ಹಾಕಿದ, ಗಾಳಿ ಆಡುವ ಟೆರೇಸ್ ಇದ್ದರೆ ಆ ಪಿ.ಜಿ.ಗೆ ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಗೋಡೆಯಲ್ಲಿ ಪಸೆ ಇದೆಯೇ, ಕಿಟಕಿಗೆ ಸೊಳ್ಳೆ ಬಲೆ ಇದೆಯೇ, ಬೇಸಿಗೆಯಲ್ಲಿ ನೀರು ಹೇಗೆ ಬರುತ್ತದೆ ಅಂತಲೂ ಕೇಳಿ. ಇದನ್ನೆಲ್ಲ ಓನರ್ ಹತ್ತಿರ ಕೇಳುವುದಕ್ಕಿಂತ ಅಲ್ಲೇ ಇರುವ ಎರಡನೇ ವರ್ಷದವರ ಹತ್ತಿರ ಕೇಳುವುದು ವಾಸಿ. ಅಡ್ವಾನ್ಸ್ ಕೊಟ್ಟಾಗ ರಶೀದಿ ತೆಗೆದುಕೊಳ್ಳಿ. ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದೂ ಆ ರಶೀದಿಯಲ್ಲೇ ಬರಲಿ.

ಹಂತ 3: ಮೊದಲ ವಾರ, ಬಸ್ಸು ಮತ್ತು ಕಚೇರಿ

ಮಂಗಳೂರು ನಗರದೊಳಗೆ ಖಾಸಗಿ ಸಿಟಿ ಬಸ್ಸುಗಳದ್ದೇ ಓಡಾಟ. ಸ್ಟೇಟ್‌ಬ್ಯಾಂಕ್ ಅನ್ನುವುದು ಇಲ್ಲಿ ಬ್ಯಾಂಕಿಗಿಂತ ಹೆಚ್ಚಾಗಿ ಬಸ್ ಸ್ಟ್ಯಾಂಡಿನ ಹೆಸರು. ಸರ್ಕಾರಿ ಬಸ್ಸುಗಳು ನಿಲ್ಲುವುದು ಬಿಜೈಯಲ್ಲಿ. ರೈಲು ನಿಲ್ದಾಣವೂ ಎರಡು: ಹಂಪನಕಟ್ಟೆ ಹತ್ತಿರದ ಸೆಂಟ್ರಲ್, ಪಡೀಲು ಕಡೆಯ ಜಂಕ್ಷನ್. ವಿಜಯಪುರದ ಕಡೆಯಿಂದಲೋ ಬೆಂಗಳೂರಿನಿಂದಲೋ ಬರುವವರು ಟಿಕೆಟ್ ಮೇಲೆ ಯಾವುದು ಬರೆದಿದೆ ಅಂತ ನೋಡಿಕೊಳ್ಳಿ.

ಬಸ್ಸಿನ ಎದುರು ರೂಟ್ ನಂಬರ್ ಇರುತ್ತದೆ. ಕಾಲೇಜಿಗೆ ಹೋಗುವ ನಂಬರ್‌ಗಳು ಯಾವುವು ಅಂತ ಸೀನಿಯರ್‌ಗಳನ್ನು ಕೇಳಿ ಬರೆದುಕೊಳ್ಳಿ. ವಿದ್ಯಾರ್ಥಿ ರಿಯಾಯಿತಿ ಪಾಸ್ ಎಲ್ಲಿ ಮಾಡಿಸುವುದು ಅಂತಲೂ ಅವರೇ ಹೇಳುತ್ತಾರೆ. ಹುಡುಗಿಯರಿಗೆ ಒಂದು ಮಾತು: 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಸಿಟಿ ಬಸ್ಸಿಗೆ ದುಡ್ಡು ಕೊಡಲೇಬೇಕು. ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳದೆ ಬಂದವರಿಗೆ ತಿಂಗಳ ಕೊನೆಗೆ ಕೈ ಖಾಲಿ.

ಇಲ್ಲಿನ ಬಸ್ಸಿನ ವೇಗಕ್ಕೆ ಹೆದರಬೇಡಿ. ಆದರೆ ಫುಟ್‌ಬೋರ್ಡಿನಲ್ಲಿ ನೇತಾಡಬೇಡಿ. ಎಲ್ಲರೂ ನೇತಾಡುತ್ತಾರೆ ಅಂತ ನೀವೂ ನಿಲ್ಲುವುದು ಬೇಡ. ಹತ್ತು ನಿಮಿಷ ಮೊದಲು ಹೊರಟರೆ ಮುಂದಿನ ಬಸ್ಸು ಸಿಗುತ್ತದೆ.

ಈ ವಾರವೇ ಅರ್ಥ ಮಾಡಿಕೊಳ್ಳಬೇಕಾದ ಇನ್ನೊಂದು ವಿಷಯ, ನಿಮ್ಮ ಕಾಲೇಜು ಯಾವ ಬಗೆಯದು ಅನ್ನುವುದು. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ನಗರದಿಂದ ಸುಮಾರು 20 ಕಿ.ಮೀ. ದೂರದ ಕೊಣಾಜೆಯಲ್ಲಿ. ಅದಕ್ಕೆ ಸೇರಿದ ಕಾಲೇಜುಗಳು ದಕ್ಷಿಣ ಕನ್ನಡ, ಉಡುಪಿಯ ತುಂಬಾ ಇವೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಂತೂ 1868ರಷ್ಟು ಹಳೆಯದು. ಇಂಥ ಕಾಲೇಜಿನಲ್ಲಿ ಹಾಜರಾತಿ, ಆಂತರಿಕ ಅಂಕ, ಟಿ.ಸಿ. ಕಾಲೇಜಿನ ಕೈಯಲ್ಲಿ. ಪರೀಕ್ಷೆ, ಫಲಿತಾಂಶ, ಮರುಮೌಲ್ಯಮಾಪನ ವಿಶ್ವವಿದ್ಯಾನಿಲಯದ ಕೈಯಲ್ಲಿ. ಪರೀಕ್ಷೆಯ ಅರ್ಜಿ, ಹಾಲ್ ಟಿಕೆಟ್ ಎಲ್ಲ ವಿಶ್ವವಿದ್ಯಾನಿಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಅದರ ಪಾಸ್‌ವರ್ಡ್ ಬರೆದಿಡಿ. ಅದಕ್ಕೆ ಕೊಟ್ಟ ಮೊಬೈಲ್ ನಂಬರನ್ನು ಮೂರು ವರ್ಷ ಬದಲಿಸಬೇಡಿ. ಸ್ವಾಯತ್ತ (ಅಟಾನಮಸ್) ಕಾಲೇಜಾದರೆ ಪರೀಕ್ಷೆಯೂ ಅಲ್ಲೇ ನಡೆಯುತ್ತದೆ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ 2024ರಿಂದ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾನಿಲಯ, ಅಲ್ಲಿನ ನಿಯಮವೇ ಬೇರೆ. ಪಕ್ಕದ ಕಾಲೇಜಿನ ಗೆಳೆಯ ಹೇಳಿದ್ದು ನಿಮಗೆ ಅನ್ವಯಿಸಬೇಕಾಗಿಲ್ಲ. ನಿಮ್ಮ ಕಾಲೇಜಿನ ಕೈಪಿಡಿ ಓದಿ, ಅರ್ಥವಾಗದ್ದನ್ನು ಕ್ಲಾಸ್ ಟೀಚರ್ ಹತ್ತಿರ ಕೇಳಿ.

ಹಂತ 4: ಮಳೆಗೂ ಜ್ವರಕ್ಕೂ ತಯಾರಿ

ತರಗತಿ ಶುರುವಾಗುವುದೇ ಮಳೆಗಾಲದಲ್ಲಿ. ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ಮಳೆ ಮೊದಲ ವಾರ ಚಂದ, ಮೂರನೇ ವಾರ ಬೇಸರ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಡಚುವ ಸಣ್ಣ ಕೊಡೆ ಇಲ್ಲಿನ ಗಾಳಿಗೆ ತಡೆಯುವುದಿಲ್ಲ. ಗಟ್ಟಿ ಕಡ್ಡಿಯ ದೊಡ್ಡ ಕೊಡೆ ತೆಗೆದುಕೊಳ್ಳಿ. ಲೆದರ್ ಶೂ ಊರಲ್ಲೇ ಬಿಟ್ಟು ಬನ್ನಿ, ಬೂಸ್ಟು ಬರುತ್ತದೆ. ಬೇಗ ಒಣಗುವ ತೆಳು ಬಟ್ಟೆ ಇರಲಿ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಪುಸ್ತಕ. ಒದ್ದೆ ಸಾಕ್ಸಿನಲ್ಲಿ ದಿನವಿಡೀ ಕೂತರೆ ಬೆರಳ ಸಂದಿನಲ್ಲಿ ತುರಿಕೆ ಗ್ಯಾರಂಟಿ.

ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ರಜೆಯ ಸುಳ್ಳು ಸುದ್ದಿಯೂ ವಾಟ್ಸಾಪಿನಲ್ಲಿ ಓಡಾಡುತ್ತದೆ. ಕಾಲೇಜಿನ ಗ್ರೂಪಿನಲ್ಲಿ ಬಂದದ್ದನ್ನು ಮಾತ್ರ ನಂಬಿ. ಘಾಟಿಯಲ್ಲಿ ಗುಡ್ಡ ಕುಸಿದರೆ ಶಿರಾಡಿ ರಸ್ತೆಯೂ ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ ರೈಲು ದಾರಿಯೂ ಬಂದ್ ಆಗುವುದುಂಟು. ಜುಲೈ ಆಗಸ್ಟ್‌ನಲ್ಲಿ ಪರೀಕ್ಷೆಯ ಹಿಂದಿನ ದಿನ ಊರಿನಿಂದ ಹೊರಡುವ ಯೋಚನೆ ಇಟ್ಟುಕೊಳ್ಳಬೇಡಿ.

ಜ್ವರದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಇಲ್ಲಿ ಇವೆ. ಎರಡು ದಿನಕ್ಕೂ ಇಳಿಯದ ಜ್ವರವಾದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕೋಣೆಯಲ್ಲಿ ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಹಂಪನಕಟ್ಟೆಯ ವೆನ್ಲಾಕ್ ಸರ್ಕಾರಿ ಜಿಲ್ಲಾಸ್ಪತ್ರೆ, ಮಲೇರಿಯಾ ಪರೀಕ್ಷೆ ಮತ್ತು ಔಷಧಿಗೆ ಅಲ್ಲಿ ದುಡ್ಡಿಲ್ಲ. ಕಾಲಿಗೆ ಗಾಯವಿದ್ದರೆ ರಸ್ತೆಯಲ್ಲಿ ನಿಂತ ನೀರಿಗೆ ಇಳಿಯಬೇಡಿ. ಸೊಳ್ಳೆ ಪರದೆ ಕಟ್ಟಿಕೊಂಡೇ ಮಲಗಿ. ಜ್ವರ ಬಂದಾಗ ಜೊತೆಗಾರನಿಗೂ ವಾರ್ಡನ್‌ಗೂ ಹೇಳಿ, ಆಮೇಲೆ ಮನೆಗೆ ಫೋನ್ ಮಾಡಿ.

ಕಡಲಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಮುದ್ರ ನೋಡದೆ ಬೆಳೆದವರಿಗೆ ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಎಲ್ಲಕ್ಕೂ ಮೊದಲ ತಿಂಗಳೇ ಹೋಗಬೇಕು ಅನ್ನಿಸುತ್ತದೆ. ಹೋಗಿ, ದಡದಲ್ಲಿ ನಿಂತು ನೋಡಿ. ಮಳೆಗಾಲ ಮುಗಿಯುವ ತನಕ ನೀರಿಗೆ ಇಳಿಯಬೇಡಿ. ಮೊಣಕಾಲಷ್ಟೇ ನೀರು ಅಂತ ಇಳಿದವರನ್ನೂ ಒಳಸೆಳೆತ ಎಳೆದೊಯ್ಯುತ್ತದೆ. ಕಡಲು ಜೋರಾದ ದಿನಗಳಲ್ಲಿ ಇಲ್ಲಿನ ಮೀನುಗಾರರೇ ಅದನ್ನು ಕೆಣಕುವುದಿಲ್ಲ.

ಹಂತ 5: ಮಾತು ಮತ್ತು ಊಟ

ಇಲ್ಲಿ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಕೇಳಿಸುತ್ತದೆ. ತರಗತಿಯ ಇಂಟರ್ವಲ್ಲಿನಲ್ಲಿ ಗೆಳೆಯರೆಲ್ಲ ತುಳುವಿನಲ್ಲಿ ನಗುತ್ತಿದ್ದರೆ ನಿಮ್ಮನ್ನೇ ಆಡಿಕೊಳ್ಳುತ್ತಿದ್ದಾರೆ ಅಂತ ಅನ್ನಿಸಬಹುದು. ಹಾಗಲ್ಲ. ಅದು ಅವರ ಮನೆಮಾತು, ತಾನಾಗಿ ಬರುತ್ತದೆ. "ಎಂಕ್ ತುಳು ಬರ್ಪುಜಿ" ಅಂತ ನಗುತ್ತಾ ಹೇಳಿ ನೋಡಿ. ಮರುಕ್ಷಣ ಕನ್ನಡಕ್ಕೆ ಬರುತ್ತಾರೆ, ನಾಲ್ಕು ತುಳು ಮಾತನ್ನೂ ಕಲಿಸುತ್ತಾರೆ.

ಬಸ್ಸಿನಲ್ಲಿ "ದುಂಬು ಪೋಲೆ" ಅಂದರೆ ಮುಂದೆ ಹೋಗಿ, "ಜಪ್ಪುಲೆ" ಅಂದರೆ ಇಳಿಯಿರಿ. ಅಂಗಡಿಯಲ್ಲಿ "ಏತಾಂಡ್?" ಅಂದರೆ ಎಷ್ಟಾಯಿತು. "ವನಸ್ ಆಂಡಾ?" ಅಂದರೆ ಊಟ ಆಯಿತಾ. ಇಷ್ಟು ಬಂದರೆ ಮೊದಲ ತಿಂಗಳಿಗೆ ಸಾಕು. ಇಲ್ಲಿನ ಕನ್ನಡದಲ್ಲಿ "ಉಂಟು", "ಹೋಗುವ", "ಎಂಥದು ಮಾರಾಯ್ರೆ" ಜಾಸ್ತಿ. ನಿಮ್ಮ ಧಾರವಾಡ ಕಡೆಯ ಕನ್ನಡಕ್ಕೆ ಯಾರಾದರೂ ನಕ್ಕರೆ ಬಾಯಿ ಮುಚ್ಚಿಕೊಳ್ಳಬೇಡಿ, ನಿಮ್ಮ ಮಾತನ್ನೂ ಬಿಡಬೇಡಿ. ದೀಪಾವಳಿ ಹೊತ್ತಿಗೆ ನಿಮ್ಮ "ಹೌದಲ್ರೀ" ಅವರ ಬಾಯಲ್ಲೂ ಬಂದಿರುತ್ತದೆ.

ಊಟಕ್ಕೆ ಹೊಟ್ಟೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಜೋಳದ ರೊಟ್ಟಿಯಲ್ಲಿ ಬೆಳೆದವರಿಗೆ ಕುಚ್ಚಲಕ್ಕಿ ಅನ್ನ ದಪ್ಪ ಅನ್ನಿಸುತ್ತದೆ, ತೆಂಗಿನೆಣ್ಣೆಯ ವಾಸನೆ ಹಿಡಿಸುವುದಿಲ್ಲ. ಸಂಜೆ ಗೋಳಿಬಜೆ, ಬನ್ಸ್ ಅಂತ ಕರಿದ ತಿಂಡಿ ತಿಂದು ರಾತ್ರಿ ಊಟ ಬಿಡುವ ಅಭ್ಯಾಸ ಮಾತ್ರ ಬೇಡ. ಬೆಳಿಗ್ಗೆ ನೀರುದೋಸೆ, ಹೊಟ್ಟೆ ಸರಿ ಇಲ್ಲದಾಗ ಗಂಜಿ ಮತ್ತು ಉಪ್ಪಿನಕಾಯಿ, ಇವು ಯಾರಿಗೂ ಒಗ್ಗುತ್ತವೆ. ಬೆವರು ಜಾಸ್ತಿ, ನೀರು ಕುಡಿಯುತ್ತಿರಿ. ಮನೆಯಿಂದ ಶೇಂಗಾ ಚಟ್ನಿಪುಡಿ ತಂದರೆ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲಿನ ತೇವಕ್ಕೆ ಬೇಗ ಹಾಳಾಗುತ್ತದೆ.

ಹಂತ 6: ತರಗತಿ, ಅದರಲ್ಲೂ ಇಂಗ್ಲಿಷಿನ ಪಾಠ

ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ಹೊಡೆತ ಇದು. ಪಿಯುಸಿಯಲ್ಲಿ ತೊಂಬತ್ತು ಶೇಕಡಾ ತೆಗೆದ ಹುಡುಗಿ ಮೊದಲ ಆಂತರಿಕ ಪರೀಕ್ಷೆಯಲ್ಲಿ ಅರ್ಧ ಖಾಲಿ ಹಾಳೆ ಕೊಟ್ಟು ಹೋಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ವಿಷಯ ಅವಳಿಗೆ ಗೊತ್ತಿರುತ್ತದೆ. ಬರೆಯುವ ಭಾಷೆ ಕೈಗೆ ಬಂದಿರುವುದಿಲ್ಲ, ಅಷ್ಟೇ. ಮೂರು ತಿಂಗಳು ಕ್ರಮವಾಗಿ ಮಾಡಿದರೆ ಇದು ಖಂಡಿತ ದಾಟಬಹುದಾದ ತೊಡಕು.

ಕ್ರಮ ಹೀಗೆ. ನೋಟ್‌ಬುಕ್ಕಿನ ಎಡಪುಟವನ್ನು ತರಗತಿಯಲ್ಲಿ ಕೇಳಿಸಿದ್ದಕ್ಕೆ ಇಟ್ಟುಕೊಳ್ಳಿ. ಸ್ಪೆಲಿಂಗ್ ಗೊತ್ತಿಲ್ಲದ ಪದವನ್ನು ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲೇ ಗೀಚಿ. ಬಲಪುಟ ಖಾಲಿ ಬಿಡಿ. ಅದು ಅದೇ ದಿನ ಸಂಜೆಗೆ. ಮರುದಿನಕ್ಕೆ ಹಾಕಿದರೆ ಅರ್ಧ ಮರೆತಿರುತ್ತೀರಿ.

ಕೊಪ್ಪಳದ ಕಡೆಯ ಒಬ್ಬ ವಿದ್ಯಾರ್ಥಿಯ ನೋಟ್ಸ್ ನನಗೆ ಚೆನ್ನಾಗಿ ನೆನಪಿದೆ. ಅಂದಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ. ಎಡಪುಟದಲ್ಲಿ "ಇಲಾಸ್ಟಿಸಿಟಿ, ರೆಸ್ಪಾನ್ಸಿವ್‌ನೆಸ್, ಪರ್ಸೆಂಟೇಜ್ ಚೇಂಜ್" ಅಂತ ಬರೆದಿದ್ದ. ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಸಂಜೆ ಲೈಬ್ರರಿಯಲ್ಲಿ ಪಠ್ಯಪುಸ್ತಕ ತೆರೆದು ಆ ಮೂರು ಪದಗಳ ಸ್ಪೆಲಿಂಗ್ ಸರಿಮಾಡಿಕೊಂಡ. ಆಮೇಲೆ ಬಲಪುಟದ ಮೇಲೆ ಕನ್ನಡದಲ್ಲಿ ಒಂದೇ ಸಾಲು: ಬೆಲೆ ಬದಲಾದಾಗ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವುದರ ಅಳತೆ.

ಅದರ ಕೆಳಗೆ ಅವನದೇ ಉದಾಹರಣೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮೀನು ಕಡಿಮೆ ಬರುತ್ತದೆ, ಬಂಗುಡೆ ಮೀನಿನ ಬೆಲೆ ಏರುತ್ತದೆ. ಕಿಲೋಗೆ 200 ಇದ್ದದ್ದು 240 ಆಯಿತು ಅಂತ ಅವನೇ ಅಂದಾಜು ಹಾಕಿದ. ಶೇಕಡಾ 20 ಏರಿಕೆ. ಒಂದು ಅಂಗಡಿಯಲ್ಲಿ ದಿನಕ್ಕೆ 100 ಕಿಲೋ ಹೋಗುತ್ತಿದ್ದದ್ದು 70ಕ್ಕೆ ಇಳಿಯಿತು ಅಂತಿಟ್ಟುಕೊಂಡ. ಶೇಕಡಾ 30 ಇಳಿಕೆ. ಮೂವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ 1.5. ಒಂದಕ್ಕಿಂತ ಜಾಸ್ತಿ, ಅಂದರೆ ಬಂಗುಡೆಯ ಬೇಡಿಕೆ ಬೆಲೆಗೆ ಜೋರಾಗಿ ಮಣಿಯುತ್ತದೆ. ಪಕ್ಕದಲ್ಲೇ ಉಪ್ಪು: ಬೆಲೆ ಇಪ್ಪತ್ತು ಶೇಕಡಾ ಏರಿದರೂ ಮನೆಯಲ್ಲಿ ಉಪ್ಪು ಕಡಿಮೆ ಹಾಕುವುದಿಲ್ಲ, ಹಾಗಾಗಿ ಅದು ಒಂದಕ್ಕಿಂತ ತುಂಬಾ ಕಡಿಮೆ. ಇಷ್ಟಾದ ಮೇಲೆ ಪುಟದ ಕೊನೆಗೆ ಇಂಗ್ಲಿಷಿನಲ್ಲಿ ಐದು ಸಣ್ಣ ವಾಕ್ಯ. ವ್ಯಾಕರಣ ಎರಡು ಕಡೆ ತಪ್ಪಿತ್ತು. ಆದರೆ ಅದು ಅವನ ಸ್ವಂತ ಉತ್ತರ, ಪರೀಕ್ಷೆಯಲ್ಲಿ ಮರೆಯುವ ಮಾತೇ ಇಲ್ಲ.

ಹೀಗೇ ಮಾಡಿ. ಮೊದಲು ಕನ್ನಡದಲ್ಲಿ ಅರ್ಥ, ಆಮೇಲೆ ಕಣ್ಣೆದುರಿನ ಉದಾಹರಣೆ, ಕೊನೆಗೆ ಇಂಗ್ಲಿಷಿನ ಐದು ವಾಕ್ಯ. ಗೈಡ್ ಪುಸ್ತಕದ ಉದ್ದ ವಾಕ್ಯ ಬಾಯಿಪಾಠ ಮಾಡಿದರೆ ಒಂದು ಪದ ಮರೆತರೂ ಇಡೀ ಉತ್ತರ ಕೈಕೊಡುತ್ತದೆ. ವಿಜ್ಞಾನದವರು ಉದಾಹರಣೆಯ ಜಾಗದಲ್ಲಿ ಚಿತ್ರ ಬರೆಯಲಿ.

ಎಡಪುಟದಲ್ಲಿ ಉಳಿದ ಪ್ರಶ್ನೆಗಳನ್ನು ಮರುದಿನ ಕೇಳಿ. ತುಂಬಿದ ತರಗತಿಯಲ್ಲಿ ಕೈ ಎತ್ತಲು ಸಂಕೋಚವಾದರೆ ಸ್ಟಾಫ್ ರೂಮಿಗೆ ಬನ್ನಿ. "ಸರ್, ಇದು ಅರ್ಥ ಆಗಲಿಲ್ಲ" ಅಂತ ಕನ್ನಡದಲ್ಲೇ ಕೇಳಿ. ಹಾಗೆ ಬಂದು ಕೇಳುವ ಮಕ್ಕಳನ್ನು ಕಂಡರೆ ಪಾಠ ಮಾಡುವವರಿಗೆ ಸಂತೋಷವೇ ಆಗುತ್ತದೆ, ನಂಬಿ. ಪುಸ್ತಕ ತೆರೆದು, ಬೆರಳಿಟ್ಟು, ಯಾವ ಸಾಲಿನವರೆಗೆ ಅರ್ಥವಾಯಿತು ಅಂತ ತೋರಿಸಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚಿನ ಕಾಲೇಜುಗಳಲ್ಲಿ ಇಷ್ಟು ವಿದ್ಯಾರ್ಥಿಗಳಿಗೆ ಇಂಥವರು ಅಂತ ಒಬ್ಬ ಮೆಂಟರ್ ಇರುತ್ತಾರೆ. ಅವರ ಹೆಸರು, ಅವರು ಬಿಡುವಾಗಿರುವ ಪೀರಿಯಡ್ ತಿಳಿದಿಟ್ಟುಕೊಳ್ಳಿ. ಬಿ.ಎ. ಓದುವವರು ಯಾವ ವಿಷಯವನ್ನು ಕನ್ನಡದಲ್ಲಿ ಬರೆಯಬಹುದು ಅಂತ ಸೆಮಿಸ್ಟರಿನ ಶುರುವಿನಲ್ಲೇ ವಿಭಾಗದಲ್ಲಿ ಕೇಳಿ.

ಹಂತ 7: ಹಾಜರಾತಿಯ ಲೆಕ್ಕ

ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಾತಿ ಬೇಕು, ಅದೂ ಪ್ರತಿ ವಿಷಯದಲ್ಲಿ. ಕಾಲು ಭಾಗ ರಜೆ ಸಿಕ್ಕಿತಲ್ಲ ಅಂತ ಖುಷಿಪಡುವ ಮೊದಲು ಲೆಕ್ಕ ಹಾಕಿ. ಒಂದು ವಿಷಯಕ್ಕೆ 60 ತರಗತಿ ಅಂದರೆ 45ಕ್ಕೆ ಬರಲೇಬೇಕು, ಉಳಿದದ್ದು 15. ತಿಂಗಳಿಗೊಮ್ಮೆ ಊರಿಗೆ ಹೋಗಿ ಶುಕ್ರವಾರವೂ ಸೋಮವಾರವೂ ತಪ್ಪಿಸಿದರೆ ನಾಲ್ಕು ತಿಂಗಳಲ್ಲಿ 8 ಹೋಯಿತು. ಒಂದು ವಾರ ಜ್ವರ ಬಂದರೆ ಇನ್ನು 4. ಉಳಿದದ್ದು ಮೂರೇ ಮೂರು. ಅಕ್ಕನ ಮದುವೆ ಬಂದರೆ ಅದೂ ಮುಗಿಯಿತು. ಅದಕ್ಕೇ ಮೊದಲ ಎರಡು ತಿಂಗಳು ಒಂದೂ ತಪ್ಪಿಸಬೇಡಿ. ಆಸ್ಪತ್ರೆಯ ಚೀಟಿ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಅಥವಾ ಕ್ರೀಡೆಗೆ ಹೋದ ಪತ್ರ ಇದ್ದರೆ ಅದೇ ವಾರ ಆಫೀಸಿಗೆ ಕೊಡಿ.

ಹಂತ 8: ದುಡ್ಡು

ಮನೆಯಿಂದ ಬಂದ ಹಣದಲ್ಲಿ ಬಾಡಿಗೆ, ಮೆಸ್, ಬಸ್ ಮೊದಲು ತೆಗೆದಿಡಿ. ಉಳಿದದ್ದನ್ನು ನಾಲ್ಕು ವಾರಕ್ಕೆ ಹಂಚಿ. ಯುಪಿಐಯಲ್ಲಿ ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಭಾನುವಾರ ಒಮ್ಮೆ ಕೂತು ನೋಡಿ. ದುಬಾರಿ ಪಠ್ಯಪುಸ್ತಕ ಕೊಳ್ಳುವ ಮೊದಲು ಸೀನಿಯರ್‌ಗಳ ಹತ್ತಿರ ಹಳೆಯದು ಕೇಳಿ, ಸಿಲೆಬಸ್ ಅದೇ ಇದೆಯೇ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಇಲ್ಲಿ ತುಂಬಾ ವಿದ್ಯಾರ್ಥಿಗಳು ಮದುವೆ ಸಮಾರಂಭಗಳಿಗೆ ಕ್ಯಾಟರಿಂಗ್ ಕೆಲಸಕ್ಕೆ ಹೋಗುತ್ತಾರೆ. ಬಡಿಸುವುದು, ಎಂಜಲೆಲೆ ತೆಗೆಯುವುದು, ಅಂದಂದೇ ಕೂಲಿ. ಮರ್ಯಾದೆಯ ಕೆಲಸ, ಸಂಕೋಚ ಬೇಡ. ಆಟಿ ಅನ್ನುವ ತುಳು ತಿಂಗಳಲ್ಲಿ (ಜುಲೈ ಆಗಸ್ಟ್ ಹೊತ್ತು) ಮದುವೆ ಇರುವುದಿಲ್ಲ, ಸೀಸನ್ ಶುರುವಾಗುವುದು ಮಳೆ ಬಿಟ್ಟ ಮೇಲೆ. ಭಾನುವಾರ ಹಗಲಿನ ಕೆಲಸ ಒಪ್ಪಿಕೊಳ್ಳಿ. ರಾತ್ರಿ ರಿಸೆಪ್ಷನ್ ಮುಗಿಸಿ ಒಂದು ಗಂಟೆಗೆ ಬಂದು ಮಲಗಿದವರು ಸೋಮವಾರ ಮೊದಲ ಪೀರಿಯಡ್‌ಗೆ ಎದ್ದದ್ದು ನಾನು ನೋಡಿಲ್ಲ.

ಮೂರು ಕಡೆ ಮಾತ್ರ ಕಟ್ಟುನಿಟ್ಟಾಗಿರಿ. ಕ್ಷಣದಲ್ಲಿ ಸಾಲ ಕೊಡುವ ಆ್ಯಪ್‌ಗಳಿಗೆ ಕೈ ಹಾಕಬೇಡಿ. "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ದುಡ್ಡು ಕೊಡುತ್ತೇನೆ" ಅಂದವರಿಗೆ ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಕೊಡಬೇಡಿ. ಸೈಬರ್ ವಂಚಕರು ಕದ್ದ ಹಣ ಸಾಗಿಸುವುದು ಅಂಥ ಖಾತೆಗಳ ಮೂಲಕ, ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. ನಿಮಗೇ ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಯಾರೋ ಕೊಟ್ಟ ಪೊಟ್ಟಣವನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸವೂ ಬೇಡ, ಎಷ್ಟೇ ಹತ್ತಿರದ ಗೆಳೆಯ ಕೇಳಿದರೂ.

ಹಂತ 9: ಒಂಟಿತನ, ಗೆಳೆತನ, ರ‍್ಯಾಗಿಂಗ್

ಮೊದಲ ವಾರದ ಗಡಿಬಿಡಿಯಲ್ಲಿ ಮನೆ ನೆನಪಾಗುವುದಿಲ್ಲ. ಮೂರನೇ ನಾಲ್ಕನೇ ವಾರ, ಬಿಡದ ಮಳೆಯ ಒಂದು ಸಂಜೆ, ಗಂಟಲು ಕಟ್ಟುತ್ತದೆ. ವಾಪಸ್ ಹೋಗಿಬಿಡೋಣ ಅನ್ನಿಸುತ್ತದೆ. ಹೀಗೆ ಅನ್ನಿಸುವುದು ತಪ್ಪಲ್ಲ. ಆ ಸಂಜೆ ಟಿ.ಸಿ. ಕೇಳುವ ತೀರ್ಮಾನ ಮಾತ್ರ ಮಾಡಬೇಡಿ. ಊರಿಗೆ ಹೋಗುವ ಮೊದಲ ದಿನ ಯಾವುದು ಅಂತ ಈಗಲೇ ಗುರುತು ಹಾಕಿ, ಚೌತಿಯೋ ದಸರೆಯೋ ಆಗಲಿ. ಮನೆಯವರ ಜೊತೆ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಮಾತಾಡಿ. ಇಡೀ ಸಂಜೆ ಫೋನಿನಲ್ಲೇ ಇದ್ದರೆ ಇಲ್ಲಿ ಯಾರೂ ಹತ್ತಿರವಾಗುವುದಿಲ್ಲ.

ಕಾಲೇಜಿನ ಒಂದು ಗುಂಪಿಗೆ ಸೇರಿ. ಒಂದೇ ಸಾಕು. ಎನ್‌ಎಸ್‌ಎಸ್ ನನ್ನ ಮೊದಲ ಆಯ್ಕೆ: ವರ್ಷಕ್ಕೆ 120 ಗಂಟೆಯ ಕೆಲಸ, ಹಳ್ಳಿಯಲ್ಲಿ ಏಳು ದಿನದ ಶಿಬಿರ. ಒಟ್ಟಿಗೆ ಮಣ್ಣು ಹೊತ್ತು, ಅಡುಗೆ ಮಾಡಿ, ಒಂದೇ ಹಾಲ್‌ನಲ್ಲಿ ಮಲಗಿದವರ ಗೆಳೆತನ ಬಿಟ್ಟುಹೋಗುವುದಿಲ್ಲ. ಯಕ್ಷಗಾನ ಕಲಿಸುವ ಕಾಲೇಜುಗಳೂ ಇಲ್ಲಿವೆ, ಮೊದಲು ಗೊತ್ತಿರಬೇಕು ಅಂತೇನಿಲ್ಲ. ದಸರೆಗೆ ಕುದ್ರೋಳಿ ದೇವಸ್ಥಾನ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಕ್ರಿಶ್ಚಿಯನ್ ಗೆಳೆಯರ ಮನೆ, ಈದ್‌ಗೆ ಬ್ಯಾರಿ ಗೆಳೆಯರ ಮನೆ, ಕರೆದರೆ ಹೋಗಿ. ಒಬ್ಬರ ಧರ್ಮ ಕೆಣಕುವ ಸಂದೇಶ ವಾಟ್ಸಾಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರಿಂದ ಗೆಳೆತನವೂ ಕೆಡುತ್ತದೆ, ಪೊಲೀಸ್ ಕೇಸೂ ಆಗುತ್ತದೆ.

ಸೀನಿಯರ್‌ಗಳು ಹೆಸರು, ಊರು ಕೇಳುವುದು ಪರಿಚಯ. ಹಾಡು, ಕುಣಿ, ನನ್ನ ಅಸೈನ್‌ಮೆಂಟ್ ಬರೆ ಅಂತ ಒತ್ತಾಯ ಮಾಡುವುದು ರ‍್ಯಾಗಿಂಗ್. ಕಾಲೇಜಿನ ರ‍್ಯಾಗಿಂಗ್ ವಿರೋಧಿ ಸಮಿತಿಗೆ ಹೇಳಿ. ಹೇಳಲು ಹೆದರಿಕೆಯಾದರೆ ಯುಜಿಸಿಯ ಸಹಾಯವಾಣಿ 1800-180-5522, ಯಾವ ಹೊತ್ತಿಗೂ ಮಾಡಬಹುದು. ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಅದನ್ನು ಬರೀ ಮನೆಯ ನೆನಪು ಅಂತ ತಳ್ಳಿಹಾಕಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗೆಳೆಯನಲ್ಲಿ ಈ ಬದಲಾವಣೆ ಕಂಡರೆ ಅವನನ್ನು ಒಬ್ಬನೇ ಬಿಡಬೇಡಿ, ಮೆಂಟರ್ ಹತ್ತಿರ ಜೊತೆಗೆ ಕರೆದುಕೊಂಡು ಬನ್ನಿ.

ಹಂತ 10: ಮೊದಲ ಸೆಮಿಸ್ಟರ್ ಪರೀಕ್ಷೆ ಮತ್ತು ಆಮೇಲೆ

ಪರೀಕ್ಷೆಗೆ ಆರು ವಾರ ಇರುವಾಗ ಲೈಬ್ರರಿಯಿಂದ ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿ. ನಿಮ್ಮದೇ ಸಿಲೆಬಸ್ಸಿನದಾಗಿರಲಿ. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕ್ರಮವನ್ನು 2024ರಲ್ಲಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದದ್ದರಿಂದ ಮೊದಲಿನ ಪತ್ರಿಕೆಗಳ ಮಾದರಿ ಬೇರೆ. ವಾರಕ್ಕೊಂದು ಪತ್ರಿಕೆಯನ್ನು ಗಡಿಯಾರ ಎದುರಿಟ್ಟುಕೊಂಡು ಪೂರ್ತಿ ಬರೆಯಿರಿ. ಸಮಯ ಸಾಲದೆ ಬಿಟ್ಟುಬಂದ ಉತ್ತರಗಳಿಂದ ಹೋಗುವ ಅಂಕವೇ ಜಾಸ್ತಿ. ಹಾಲ್ ಟಿಕೆಟ್ ಬಂದ ದಿನವೇ ಅದರಲ್ಲಿ ಹೆಸರು, ವಿಷಯಗಳು ಸರಿ ಇವೆಯೇ ಅಂತ ನೋಡಿ.

ಫಲಿತಾಂಶದಲ್ಲಿ ಒಂದು ವಿಷಯ ಉಳಿದರೆ ಮನೆಯಲ್ಲಿ ಅಂದೇ ಹೇಳಿಬಿಡಿ. ಮುಚ್ಚಿಟ್ಟರೆ ಆ ಭಾರವೇ ಎರಡನೇ ಸೆಮಿಸ್ಟರನ್ನೂ ಹಾಳುಮಾಡುತ್ತದೆ. ಉತ್ತರಪತ್ರಿಕೆಯ ನಕಲು ಮತ್ತು ಮರುಮೌಲ್ಯಮಾಪನಕ್ಕೆ ಕೊನೆಯ ದಿನ ಬೇಗ ಬರುತ್ತದೆ, ನೋಟಿಸ್ ಬೋರ್ಡ್ ನೋಡುತ್ತಿರಿ. ನಕಲು ಸಿಕ್ಕರೆ ವಿಷಯದ ಅಧ್ಯಾಪಕರಿಗೆ ತೋರಿಸಿ ಎಲ್ಲಿ ಅಂಕ ಹೋಯಿತು ಅಂತ ಕೇಳಿ. ಉಳಿದ ವಿಷಯವನ್ನು ಸಿಕ್ಕಿದ ಮೊದಲ ಅವಕಾಶದಲ್ಲೇ ಬರೆದು ಮುಗಿಸಿ, ಮೂರನೇ ವರ್ಷಕ್ಕೆ ತಳ್ಳಬೇಡಿ.

ಎರಡನೇ ಸೆಮಿಸ್ಟರ್ ಮುಗಿದು ಊರಿಗೆ ಹೋಗುವ ಮೊದಲು ಹಾಸ್ಟೆಲ್ ಮುಂದುವರಿಸುವ ಅರ್ಜಿ ಯಾವಾಗ ಅಂತ ವಾರ್ಡನ್ ಹತ್ತಿರ ಕೇಳಿ. ವಿದ್ಯಾರ್ಥಿವೇತನವೂ ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿದರೆ ಮಾತ್ರ ಬರುತ್ತದೆ. ಮೂರನೇ ಸೆಮಿಸ್ಟರಿನ ಫೀಸು ಕಟ್ಟಲು ಹೋದ ದಿನವೇ ಎಸ್‌ಎಸ್‌ಪಿ ತೆರೆದಿದೆಯೇ ಅಂತ ಅದೇ ಕೌಂಟರಿನಲ್ಲಿ ಕೇಳಿ. ತೆರೆದಿದ್ದರೆ ಅಂದೇ ಹಾಕಿ, ರಶೀದಿ ಪ್ರಿಂಟ್ ತೆಗೆದು ಅದೇ ಹಳೆಯ ಫೈಲಿನಲ್ಲಿ ಇಟ್ಟುಕೊಳ್ಳಿ.